ತಗ್ಗಿನ ಗದ್ದೆಯ ಮಾತು

ಉಪ್ಪಿನ ವರ್ಷ ಎಪ್ಪತ್ತಾರು, ಹಿರಿಮಳೆಯ ಮೂವತ್ತೊಂದನೆಯ ದಿನ
(ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ನೂರ ನಲವತ್ತೆರಡು, ಜುಲೈ)
ಕಾಂಡ್ಲಮಕ್ಕಿ ಗಜನಿ

ಹಿಂದೆ ಇರುವವರಿಗೆ,

ಮೇಲೆ ಬರೆದ ತಾರೀಕು ನಿಮಗೆ ವಿಚಿತ್ರವಾಗಿ ಕಾಣುತ್ತದೆ ಎಂದು ನನಗೆ ಗೊತ್ತು. ಊರಿನ ಕೊನೆಯ ಸಿಹಿನೀರಿನ ಬಾವಿ ಉಪ್ಪಾದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಅದಕ್ಕೇ ಅದು ಉಪ್ಪಿನ ವರ್ಷ. ನನ್ನ ಕನ್ನಡವೂ ನಿಮ್ಮದಕ್ಕಿಂತ ಸ್ವಲ್ಪ ಬೇರೆ ಇರಬಹುದು. ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಕೆಲವು ನಮ್ಮಲ್ಲಿ ಸತ್ತುಹೋಗಿವೆ. ನಾನು ಏಳನೆಯ ತರಗತಿಯವರೆಗೆ ಓದಿದವಳು. ತಿಳಿಯದ ಮಾತು ಬಂದಲ್ಲಿ ಅದರ ಅರ್ಥವನ್ನೂ ಬರೆಯುತ್ತೇನೆ. ತಪ್ಪಿದ್ದರೆ ಕ್ಷಮಿಸಬೇಕು.

ಈ ಕಾಗದ ನಿಮಗೆ ಹೇಗೆ ಮುಟ್ಟೀತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಭರತದ ಹೊತ್ತಿಗೆ ಸಮುದ್ರ ಒಳಗೆ ನುಗ್ಗಿ, ಗುಡ್ಡದ ಬುಡದಿಂದ ತೇಲಿ ಬಂದ ಎಲೆಯನ್ನು ಮತ್ತೆ ಗುಡ್ಡದ ಬುಡಕ್ಕೇ ಒಯ್ದು ಬಿಡುತ್ತದೆ. ಅದನ್ನು ನೋಡುತ್ತ ಬೆಳೆದವರಿಗೆ ಕಾಗದವೊಂದು ಹಿಂದಕ್ಕೆ ಹೋಗುವುದು ಆಗದ ಕೆಲಸ ಅನ್ನಿಸುವುದಿಲ್ಲ, ಅಷ್ಟೆ.

ನನ್ನ ಹೆಸರು ಮಂಕಾಳಿ. ವಯಸ್ಸು ಐವತ್ತೆಂಟು. ಕಾಂಡ್ಲಮಕ್ಕಿಯ ಗಜನಿಯಲ್ಲಿ ನನಗೆ ಹನ್ನೊಂದು ಗುಂಟೆ ಗದ್ದೆ ಇದೆ. ಗಜನಿ ಎಂಬ ಮಾತು ನಿಮ್ಮ ಕಾಲದ ಕರಾವಳಿಯವರಿಗೆ ಗೊತ್ತಿರುತ್ತದೆ. ಹೊಳೆ ಸಮುದ್ರ ಸೇರುವ ಕಡೆ ಉಪ್ಪುನೀರಿಗೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಮಾತ್ರ ಕಗ್ಗ ಎಂಬ ಭತ್ತ ಬೆಳೆಯುವ ತಗ್ಗು ಬಯಲು ಅದು. ನಾನು ಗಜನಿ ಸಭೆಯ ಬರಹದವಳೂ ಹೌದು. ದಿನದ ನೀರಿನ ಮಟ್ಟ, ಉಪ್ಪಿನ ಅಳತೆ, ಸಭೆಯ ತೀರ್ಮಾನ ಎಲ್ಲವೂ ನನ್ನ ಕೈಬರಹದಲ್ಲಿವೆ. ನಾಳೆ ಸಭೆ. ನನ್ನ ಗದ್ದೆಯನ್ನು ಗಜನಿಯ ಗದ್ದೆಗಳ ಪಟ್ಟಿಯಿಂದ ಬಿಡಬೇಕೋ ಬೇಡವೋ ಎಂದು ನಾಳೆ ಕೈ ಎತ್ತಿಸುತ್ತಾರೆ. ಬಿಟ್ಟರೆ ಈಗ ಗೇಣುದ್ದ ನಿಂತಿರುವ ಸಸಿಗಳು ಎಂಟು ದಿನದೊಳಗೆ ಕೊಳೆಯುತ್ತವೆ. ಆಮೇಲೆ ಆ ಮಣ್ಣಿಗೆ ಉಪ್ಪುನೀರು ಬಿಡುತ್ತಾರೆ. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗದ್ದೆಯಲ್ಲಿ ಮತ್ತೆ ಭತ್ತ ಬೆಳೆದದ್ದನ್ನು ನಾನು ನೋಡಿಲ್ಲ. ಹದಿಮೂರು ವರ್ಷದ ಹಿಂದೆ ಇನ್ನೊಂದು ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಅದನ್ನು ಹೇಳಲಿಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ನಮ್ಮ ದಿನಗಳು ಹೇಗಿರುತ್ತವೆ ಹೇಳುತ್ತೇನೆ. ನಮಗೆ ಮಳೆಗಾಲ ಎರಡು. ಹಿರಿಮಳೆ ನಲವತ್ತೈದು ದಿನ, ಬಂದರೆ ಆಕಾಶವೇ ಕಳಚಿದ ಹಾಗೆ ಬರುತ್ತದೆ. ಅದರ ನಂತರ ಒಂದು ತಿಂಗಳು ಒಂದು ಹನಿಯೂ ಇಲ್ಲ. ಅದನ್ನು ಕಾದ ತಿಂಗಳು ಎನ್ನುತ್ತೇವೆ. ಆಮೇಲೆ ಕಿರಿಮಳೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆ ಬಿಟ್ಟ ದಿನ ಬೆಳಿಗ್ಗೆ ಹತ್ತಕ್ಕೆ ಬಿಸಿಗಂಟೆ ಹೊಡೆಯುತ್ತದೆ. ಅಲ್ಲಿಂದ ನಾಲ್ಕರವರೆಗೆ ಯಾರೂ ಹೊರಗೆ ಇರುವಂತಿಲ್ಲ, ಬೆವರು ಆರದೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಹಾಗಾಗಿ ಗದ್ದೆಯ ಕೆಲಸವೆಲ್ಲ ನಸುಕಿನಲ್ಲಿ ಮತ್ತು ಸಂಜೆಯಲ್ಲಿ. ಮನೆಗಳು ಚಿರೆಕಲ್ಲಿನ ಕಂಬಗಳ ಮೇಲೆ ಇವೆ. ಕುಡಿಯುವ ನೀರು ಗುಡ್ಡದ ಕಡೆಯಿಂದ ದೋಣಿಯಲ್ಲಿ ಬರುತ್ತದೆ, ಮನೆಗೆ ಎರಡು ಕೊಡ. ಮಾವಿನ ಮರಗಳು ಹೂ ಬಿಡುತ್ತವೆ, ಕಾಯಿ ನಿಲ್ಲುವುದಿಲ್ಲ. ಬೆಳಿಗ್ಗೆ ಕಗ್ಗದ ಕೆಂಪು ಗಂಜಿ, ಜೊತೆಗೆ ಸುಟ್ಟ ಒಣಮೀನು. ಬೇರೆ ಭತ್ತಗಳ ಹೆಸರು ನನಗೆ ಶಾಲೆಯ ಪುಸ್ತಕದಿಂದ ಮಾತ್ರ ಗೊತ್ತು. ಉಪ್ಪಿಗೂ ನೆರೆಗೂ ತಡೆದು ನಿಂತದ್ದು ಈ ಕಗ್ಗ ಒಂದೇ. ಆದರೆ ಅದಕ್ಕೂ ಒಂದು ಮಿತಿ ಇದೆ. ಮೊಳಕೆ ಬರಿಸಿ ಬಿತ್ತಿದ ಮೇಲೆ ನಲವತ್ತು ದಿನ ಅದರ ತಲೆ ನೀರಿನ ಮೇಲೆ ಇರಬೇಕು. ಆಮೇಲೆ ಅದು ಯಾರ ಹಂಗಿಗೂ ಬೀಳುವುದಿಲ್ಲ.

ನಮ್ಮ ಗಜನಿಯಲ್ಲಿ ಮೂವತ್ತೊಂದು ಮನೆಯವರ ಗದ್ದೆ ಇತ್ತು. ಯಾರದೂ ಅರ್ಧ ಎಕರೆ ದಾಟುವುದಿಲ್ಲ. ಎಲ್ಲರಿಗೂ ಒಡ್ಡು ಒಂದೇ, ಒಡ್ಡಿನ ಬಾಗಿಲೂ ಒಂದೇ. ಹಿಂದಿನವರು ಆ ಬಾಗಿಲನ್ನು ಜಂತ್ರಡಿ ಎನ್ನುತ್ತಿದ್ದರು. ಇಳಿತದ ಹೊತ್ತಿಗೆ ತೆಗೆದರೆ ಒಳಗೆ ನಿಂತ ಮಳೆನೀರು ಹೊಳೆಗೆ ಹೋಗುತ್ತದೆ. ಭರತಕ್ಕೆ ಮುಚ್ಚದಿದ್ದರೆ ಉಪ್ಪು ಒಳಗೆ ಬರುತ್ತದೆ. ಎತ್ತರದ ಗದ್ದೆಯವರಿಗೆ ಮಳೆನೀರು ನಿಲ್ಲಬೇಕು, ಮಣ್ಣಿನ ಉಪ್ಪು ತೊಳೆಯಲಿಕ್ಕೆ ಮತ್ತು ಕಾದ ತಿಂಗಳು ದಾಟಲಿಕ್ಕೆ. ತಗ್ಗಿನವರಿಗೆ ಅದೇ ನೀರು ಹೋಗಬೇಕು, ಇಲ್ಲದಿದ್ದರೆ ಸಸಿ ಮುಳುಗುತ್ತದೆ. ಈ ಜಗಳಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಬಿತ್ತಿದ ನಲವತ್ತು ದಿನ ಬಾಗಿಲಿನ ಅಧಿಕಾರ ಎಲ್ಲಕ್ಕಿಂತ ತಗ್ಗಿನ ಗದ್ದೆಯವರದು. ಅವರು ತೆಗೆ ಎಂದರೆ ತೆಗೆಯಬೇಕು, ಮುಚ್ಚು ಎಂದರೆ ಮುಚ್ಚಬೇಕು. ಅದನ್ನು ತಗ್ಗಿನ ಮಾತು ಎನ್ನುತ್ತಿದ್ದೆವು. ಇದರಿಂದ ಎತ್ತರದವರ ಕಣದಲ್ಲಿ ಎರಡು ಹೆಡಿಗೆ ಭತ್ತ ಕಡಿಮೆಯಾಗುತ್ತಿತ್ತು. ಆದರೆ ಮೂವತ್ತೊಂದು ಮನೆಯಲ್ಲೂ ಹೊಸ ಅಕ್ಕಿಯ ಗಂಜಿ ಕುದಿಯುತ್ತಿತ್ತು.

ಅಪ್ಪ ಪಾಲು ಮಾಡಿದಾಗ ನನಗೆ ನಡುವಿನ ಗದ್ದೆ ಬಂತು. ತಂಗಿ ತುಳಸುಗೆ ಗಜನಿಯ ಎಲ್ಲಕ್ಕಿಂತ ತಗ್ಗಿನದು. ಅವಳಿಗೆ ಅದರ ಬೇಸರವೇ ಇರಲಿಲ್ಲ. "ನೀ ಬರೀ ಗದ್ದೆಯವಳು ಅಕ್ಕಾ, ನಾ ಬಾಗಿಲ ಯಜಮಾನ್ತಿ" ಎಂದು ನನ್ನನ್ನು ಹಂಗಿಸುತ್ತಿದ್ದಳು. ಗಂಡ ತೀರಿಹೋದ ಮೇಲೆ ಮಗಳು ಬೊಮ್ಮಿಯನ್ನು ಕಟ್ಟಿಕೊಂಡು ಅದೇ ಗದ್ದೆಯಲ್ಲಿ ಬಾಳಿದಳು. ನೀರಿಗೆ ಕೈ ಅದ್ದಿ ಬೆರಳು ಚೀಪಿ ಭರತಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಹೇಳುತ್ತಿದ್ದಳು. ಗಿರಿಯಣ್ಣನ ಗದ್ದೆ ಎಲ್ಲಕ್ಕಿಂತ ಎತ್ತರದ್ದು. ಅವನು ಒಡ್ಡಿನ ಮೇಲೆ ಹೋಗುವಾಗಲೆಲ್ಲ ಕೂಗುತ್ತಿದ್ದ, "ಏ ತುಳಸೂ, ಒಂಚೂರು ನೀರು ಬಿಟ್ಟಿರೇ ಮಾರಾಯ್ತಿ, ನನ್ ಗದ್ದೆ ಕಪ್ಪೆ ಎಲ್ಲ ನಿನ್ ಗದ್ದೆಗೆ ಹೋದ್ವು!" ಅವಳು ಬಗ್ಗಿದಲ್ಲಿಂದಲೇ ಹೇಳುತ್ತಿದ್ದಳು, "ಕಪ್ಪೆಗಾದ್ರೂ ಬುದ್ಧಿ ಅದೆ ಗಿರಿಯಣ್ಣ."

ಉಪ್ಪಿನ ವರ್ಷ ಅರವತ್ತೆರಡರಲ್ಲಿ ಅವಳ ಬೆರಳು ತಪ್ಪಿತು. ಎಲ್ಲಿಯೋ ದೂರದ ಬಿರುಗಾಳಿಗೆ ಸಮುದ್ರ ಉಬ್ಬಿ ಭರತ ಒಂದೂವರೆ ತಾಸು ಮೊದಲೇ ಬಂತು. ಬಾಗಿಲು ತೆರೆದಿತ್ತು. ಅವಳು ಓಡಿಹೋಗಿ ಹಲಗೆ ಇಳಿಸುವಷ್ಟರಲ್ಲಿ ಉಪ್ಪು ಗಿರಿಯಣ್ಣನ ಗದ್ದೆಯ ಆಚೆಯ ಅಂಚಿನವರೆಗೂ ಹೋಗಿತ್ತು. ಆ ವರ್ಷ ಮೂವತ್ತೊಂದು ಮನೆಗೂ ಬೆಳೆ ಇಲ್ಲ. ತುಳಸು ಒಂದೊಂದೇ ಮನೆಯ ಮೆಟ್ಟಿಲ ಬಳಿ ಹೋಗಿ ನಿಂತಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಸರೆಯವರು ಬಂದದ್ದು ಅದರ ಮರುವರ್ಷ. ಆಸರೆ ಎಂದರೆ ಹವೆ ಕೆಟ್ಟ ಮೇಲೆ ಸಣ್ಣ ಹಿಡುವಳಿಯವರಿಗೆ ನೆರವಾಗಲು ಕಟ್ಟಿದ ಕೂಟ. ಅವರ ಬಗ್ಗೆ ನಾನು ಕೆಟ್ಟ ಮಾತು ಬರೆಯುವುದಿಲ್ಲ. ಒಡ್ಡನ್ನು ಒಂದಾಳು ಎತ್ತರಿಸಿಕೊಟ್ಟರು. ಹಲಗೆಯ ಬಾಗಿಲಿನ ಜಾಗದಲ್ಲಿ ತಾನೇ ಏಳುವ, ತಾನೇ ಇಳಿಯುವ ಕಬ್ಬಿಣದ ಬಾಗಿಲು ಕೂರಿಸಿದರು. ದೂರದ ಸಮುದ್ರದ ಸುದ್ದಿ ಅದಕ್ಕೆ ಮೊದಲೇ ಗೊತ್ತಾಗುತ್ತಿತ್ತು. ಅದು ಬಂದ ಮೇಲೆ ಭರತ ಒಂದು ದಿನವೂ ನಮಗೆ ಮೋಸ ಮಾಡಿಲ್ಲ, ಇದನ್ನು ನಾನು ಹೇಳಲೇಬೇಕು. ಪ್ರತಿ ಗದ್ದೆಯಲ್ಲಿ ಒಂದು ಮಟ್ಟಗೋಲು ನೆಟ್ಟರು. ಗದ್ದೆಯಲ್ಲಿ ನೀರು ಎಷ್ಟಿದೆ ಎಂದು ಅದು ಬಾಗಿಲಿಗೆ ಹೇಳುತ್ತಿರುತ್ತದೆ. ಬಾಗಿಲು ಮೂವತ್ತೊಂದು ಕೋಲುಗಳ ಮಾತನ್ನು ಕೂಡಿಸಿ ಭಾಗಿಸಿ ಒಂದು ಸಂಖ್ಯೆ ಮಾಡಿಕೊಳ್ಳುತ್ತದೆ. ಆ ಸಂಖ್ಯೆಗೆ ನಾವು ಸಮ ಎಂದು ಹೆಸರಿಟ್ಟೆವು. ಸಮ ಇಷ್ಟಕ್ಕೆ ಏರಿದರೆ ತೆರೆಯುವುದು, ಇಷ್ಟಕ್ಕೆ ಇಳಿದರೆ ಮುಚ್ಚುವುದು. ಆಸರೆಯಿಂದ ಬಂದವಳು ವಿನುತ ಎಂಬ ಹೆಂಗಸು, ಮೃದು ಮಾತಿನವಳು. ನಮ್ಮ ಮನೆಯಲ್ಲೇ ಎರಡು ತಿಂಗಳು ಉಳಿದು ಕೆಸರಿನಲ್ಲಿ ನಮ್ಮ ಜೊತೆ ಬಗ್ಗಿ ಕೆಲಸ ಮಾಡಿದಳು. ಅವಳು ಕೇಳಿದ್ದು ಒಂದೇ. ತಗ್ಗಿನ ಮಾತಿನ ಬದಲು ಬಾಗಿಲು ಸಮದ ಮಾತು ಕೇಳಬೇಕು, ಅದಕ್ಕೆ ಸಭೆ ಒಪ್ಪಬೇಕು.

ಸಮ ಎಂದರೇನು ಎಂದು ಜನರಿಗೆ ತಿಳಿಯಲಿಲ್ಲ. ನಾನು ಎದ್ದು ಹಲಗೆಯ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದೆ. ಮೂರು ಗದ್ದೆ, ಒಂದರಲ್ಲಿ ಆರು ಬೆರಳು ನೀರು, ಒಂದರಲ್ಲಿ ನಾಲ್ಕು, ಒಂದರಲ್ಲಿ ಎರಡು. ಕೂಡಿಸಿ ಮೂರರಿಂದ ಭಾಗಿಸಿದರೆ ನಾಲ್ಕು. ಒಬ್ಬರ ಬೆರಳಿನ ಮೇಲೆ ಮೂವತ್ತೊಂದು ಮನೆ ಯಾಕೆ ನಿಲ್ಲಬೇಕು, ಎಲ್ಲರ ಗದ್ದೆಯನ್ನೂ ಸಮನಾಗಿ ನೋಡಲಿ ಎಂದೆ. ಚೆನ್ನಾಗಿ ಹೇಳಿದೆ ಅಂತ ನನಗೇ ಅನ್ನಿಸಿತು.

ತುಳಸು ಹಿಂದಿನ ಸಾಲಿನಲ್ಲಿ ಕೂತಿದ್ದಳು. "ಅಕ್ಕಾ, ನೀ ಎರಡು ಬಟ್ಲು ಗಂಜಿ ಕುಡ್ದು ನಾ ಉಪಾಸ ಬಿದ್ರೆ, ಇಬ್ರೂ ಒಂದೊಂದು ಬಟ್ಲು ಕುಡ್ದಾಂಗೆ ಆಗ್ತದ್ಯಾ?" ಎಂದು ಕೇಳಿದಳು.

ಸಭೆ ನಕ್ಕಿತು. ನನಗೆ ಮುಖ ಬಿಸಿಯಾಯಿತು. "ಶಾಲೆಗೆ ಸರಿಯಾಗಿ ಹೋಗಿದ್ರೆ ನಿಂಗೂ ತಿಳೀತಿತ್ತು" ಎಂದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ತುಳಸು ತಾನೂ ನಕ್ಕಳು. ಹಿಂದಿನ ವರ್ಷದ ಉಪ್ಪು ಅವಳ ತಲೆಯ ಮೇಲಿತ್ತು, ಹೆಚ್ಚು ಮಾತಾಡುವ ಹಾಗಿರಲಿಲ್ಲ. ಮೂವತ್ತು ಕೈ ಎದ್ದವು. ಅದರಲ್ಲಿ ಒಂದು ನನ್ನದು.

ಮೊದಲ ವರ್ಷ ನಮ್ಮೆಲ್ಲರ ಕಣದಲ್ಲಿ ಹಿಂದೆಂದೂ ಕಾಣದಷ್ಟು ಭತ್ತ ಬಿತ್ತು. ತುಳಸುವಿನ ಗದ್ದೆ ಮಾತ್ರ ಮುಳುಗಿತು. ಉಳಿದವರ ಗದ್ದೆಗಳಿಗೆ ನೀರು ಬೇಕಿತ್ತು, ಸಮ ಕಡಿಮೆಯೇ ಇತ್ತು, ಬಾಗಿಲು ತೆರೆಯಲಿಲ್ಲ. ನಾವು ಮೂವತ್ತು ಮನೆಯವರು ಅವಳಿಗೆ ಒಂದೊಂದು ಬುಟ್ಟಿ ಭತ್ತ ಕೊಟ್ಟೆವು. ಕೊಟ್ಟಾಗ ನಮಗೆ ಸಮಾಧಾನವಾಯಿತು. ಅವಳು ಬುಟ್ಟಿಗಳನ್ನು ಒಂದೊಂದಾಗಿ ಒಳಗೆ ಒಯ್ದಳು.

ಎರಡನೆಯ ವರ್ಷ ಹಿರಿಮಳೆಯ ಇಪ್ಪತ್ತಾರನೆಯ ದಿನ ಮಳೆ ಬಿಟ್ಟಿತ್ತು. ಬಿಸಿಗಂಟೆ ಹೊಡೆದಿತ್ತು. ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಮಲಗಿದ್ದೆವು. ಅವತ್ತಿನ ಇಳಿತ ಮಧ್ಯಾಹ್ನದಲ್ಲಿ ಇತ್ತು. ಬೆಳಗಿನಿಂದ ಒಂದಿಷ್ಟೇ ತೆರೆದಿದ್ದ ಬಾಗಿಲು ಇಳಿಯುವ ಹೊತ್ತಾಗಿತ್ತು. ಅದು ಅಲುಗಾಡುವ ಮೊದಲು ಮೂರು ಸಲ ಕೂಗುತ್ತದೆ. ಕೂಗಿದ್ದು ನನಗೆ ಕೇಳಿಸಿತು. ನನ್ನ ಗದ್ದೆಗೆ ನೀರು ನಿಲ್ಲುತ್ತದೆ ಎಂದುಕೊಂಡು ಚಾಪೆಯ ಮೇಲೆ ಮಗ್ಗುಲು ಬದಲಿಸಿದೆ.

ನಾಲ್ಕರ ಗಂಟೆಯಾದ ಮೇಲೆ ಬೊಮ್ಮಿ ಅವ್ವನನ್ನು ಹುಡುಕಿಕೊಂಡು ಹೋದಳು. ತುಳಸು ಬಾಗಿಲು ಪೂರ್ತಿ ಮುಚ್ಚದ ಹಾಗೆ ಅಡಿಯಲ್ಲಿ ಮರದ ತುಂಡು ಕೊಡಲು ಇಳಿದಿದ್ದಳು. ತುಂಡು ಜಾರಿ ಬಾಗಿಲು ಅವಳ ಮೇಲೆ ಇಳಿದಿತ್ತು. ಅವಳನ್ನು ಮೇಲೆ ಎತ್ತಿ ತಂದವನು ಗಿರಿಯಣ್ಣ. ಒಡ್ಡಿನುದ್ದಕ್ಕೂ ಒಬ್ಬನೇ ಹೊತ್ತುಕೊಂಡು ಬಂದ, ಯಾರನ್ನೂ ಕೈ ಹಾಕಲು ಬಿಡಲಿಲ್ಲ.

ಸಭೆ ಸೇರಿತು. ಆದದ್ದನ್ನು ಬರೆದು ಆಸರೆಗೆ ಕಳಿಸಬೇಕಿತ್ತು. ಬಾಗಿಲು ಕೆಟ್ಟಿದೆಯೇ ಎಂಬ ಪ್ರಶ್ನೆ ಮೊದಲಿಗೇ ಇತ್ತು. ಕೆಟ್ಟಿರಲಿಲ್ಲ. ನಾನು ಬರೆದೆ: ಬಾಗಿಲು ಸರಿಯಾಗಿ ಕೆಲಸ ಮಾಡಿದೆ. ನನ್ನ ಅಕ್ಷರ ಅವತ್ತು ಎಂದಿನ ಹಾಗೆ ದುಂಡಗೇ ಇತ್ತು. ಆ ಹಾಳೆಯನ್ನು ನಾನು ಆಗಾಗ ತೆಗೆದು ನೋಡುತ್ತೇನೆ. ಕೈ ನಡುಗಿದ ಗುರುತು ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ, ಇಲ್ಲ.

ನೀರಿಗೆ ಮುಳುಗುವ ಗದ್ದೆಯನ್ನು ಸಭೆ ಒಪ್ಪಿದರೆ ಪಟ್ಟಿಯಿಂದ ಬಿಡಬಹುದು ಎಂದು ಆಸರೆಯ ನಿಯಮವಿದೆ. ಮುಂದಿನ ತಿಂಗಳು ತುಳಸುವಿನ ಗದ್ದೆಯನ್ನು ಬಿಟ್ಟೆವು. ಅದಕ್ಕೊಂದು ಒಳಒಡ್ಡು ಕಟ್ಟಿ ಉಪ್ಪುನೀರು ಬಿಟ್ಟರು, ಬೊಮ್ಮಿಗೆ ಏಡಿ ಸಾಕುವ ಬುಟ್ಟಿಗಳನ್ನು ಕೊಟ್ಟರು. ಇದಕ್ಕೆ ಬೇರೆ ದಾರಿ ಎಂದು ಹೆಸರು. ಬಿಟ್ಟ ಗದ್ದೆಯವರಿಗೆ ಸಭೆಯಲ್ಲಿ ಜಾಗವಿಲ್ಲ. ಎಲ್ಲಕ್ಕಿಂತ ಆಳದ ಕೋಲು ಹೋದ ಮೇಲೆ ಸಮ ಇನ್ನೂ ಕಡಿಮೆಯಾಯಿತು, ಬಾಗಿಲು ಇನ್ನೂ ತಡವಾಗಿ ತೆರೆಯತೊಡಗಿತು. ಉಳಿದವರ ಬೆಳೆ ಇನ್ನೂ ಚೆನ್ನಾಯಿತು. ಗಜನಿಯ ಸ್ಥಿತಿ ಸುಧಾರಿಸಿದೆ ಎಂದು ಆಸರೆಯಿಂದ ಮೆಚ್ಚುಗೆಯ ಕಾಗದ ಬಂತು. ಅದನ್ನು ಸಭೆಯಲ್ಲಿ ಓದಿದವಳೂ ನಾನೇ.

ಆದರೆ ತಗ್ಗಿನ ಗದ್ದೆ ಹೋದರೆ ಅದರ ಮೇಲಿನದು ತಗ್ಗಿನದಾಗುತ್ತದೆ. ಇಷ್ಟು ಸಣ್ಣ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮರುವರ್ಷ ಅದರ ಮೇಲಿನ ಗದ್ದೆ ಮುಳುಗಿತು. ಮತ್ತೆ ಕೈ ಎತ್ತಿದೆವು. ಆಮೇಲೆ ಅದರ ಮೇಲಿನದು. ಕೆಲವು ವರ್ಷ ಒಂದು, ಕೆಲವು ವರ್ಷ ಎರಡು. ಸಮುದ್ರವೂ ಸುಮ್ಮನಿರಲಿಲ್ಲ, ವರ್ಷಕ್ಕೆ ಇಷ್ಟು ಎಂದು ಏರುತ್ತಲೇ ಇತ್ತು. ಪ್ರತಿ ಸಲವೂ ಬಿಟ್ಟವರು ಒಬ್ಬರೇ, ಉಳಿದವರು ಬಹಳ ಜನ. ಹಾಗಾಗಿ ಪ್ರತಿ ಸಲವೂ ಅದು ನ್ಯಾಯವಾಗಿಯೇ ಕಂಡಿತು. ಹದಿನೇಳು ಗದ್ದೆ ಹೋದವು. ಹದಿನಾಲ್ಕು ಉಳಿದಿವೆ. ಅದರಲ್ಲಿ ಎಲ್ಲಕ್ಕಿಂತ ತಗ್ಗಿನದು ಈಗ ನನ್ನದು. ಒಂದು ಕಾಲಕ್ಕೆ ಅದನ್ನು ನಡುವಿನ ಗದ್ದೆ ಎನ್ನುತ್ತಿದ್ದರು.

ಬೊಮ್ಮಿ ನಾಲ್ಕು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು ಮೆಟ್ಟಿಲ ಮೇಲೆ ಎರಡು ಏಡಿ ಕಟ್ಟಿಟ್ಟು ಹೋದಳು. "ಎಂತಕೆ ತಂದ್ಯೇ?" ಎಂದು ಕೂಗಿದರೆ, "ಸಮ ಮಾಡೂಕೆ" ಎಂದಳು, ತಿರುಗಿ ನೋಡದೆ. ಅಂಥ ನಾಲಗೆ ಅವಳದು, ತಾಯಿಯದೇ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಬೇಕು. ಮೂರು ವರ್ಷದ ಹಿಂದೆ ವಿನುತ ಕೊನೆಯ ಸಲ ನಮ್ಮೂರಿಗೆ ಬಂದಿದ್ದಳು. ತಲೆ ಬೆಳ್ಳಗಾಗಿತ್ತು, ಆಸರೆಯ ಕೆಲಸ ಬಿಟ್ಟಿದ್ದಳು. ಆಸರೆಯ ಮೂಲ ನಿಯಮಗಳು ಈಗಿನವರು ಬರೆದದ್ದಲ್ಲ, ನೂರಕ್ಕೂ ಹೆಚ್ಚು ವರ್ಷ ಹಳೆಯವು, ಹವೆ ಕೆಡಲು ಶುರುವಾದ ಕಾಲದಲ್ಲಿ ಒಳ್ಳೆಯ ಜನ ಸೇರಿ ಬರೆದದ್ದು ಎಂದು ಅವಳು ಹೇಳಿದಳು. ಮೊದಲ ಹಾಳೆಯಲ್ಲಿ ‘ಎಲ್ಲ ಸಣ್ಣ ರೈತರಿಗೂ ಸಮಾನವಾಗಿ’ ಎಂದಿದೆಯಂತೆ. "ಆ ಪುಸ್ತಕವನ್ನು ಎಷ್ಟು ಸಲ ಓದಿದೆ ಗೊತ್ತಾ ಮಂಕಾಳಮ್ಮ? ತಪ್ಪು ಎಲ್ಲಿದೆ ಅಂತ ಹುಡುಕಿದೆ. ಯಾವ ಹಾಳೆಯಲ್ಲೂ ಇಲ್ಲ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಹಾಗಾದರೆ ಆ ಪುಸ್ತಕ ಬರೆಯುತ್ತಿರುವವರು ನೀವು, ಅಥವಾ ನಿಮ್ಮ ಪಕ್ಕದ ಮನೆಯವರು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಒಡ್ಡು ಇಲ್ಲದಿದ್ದರೆ ನಾವು ಯಾರೂ ಇಲ್ಲಿರುತ್ತಿರಲಿಲ್ಲ. ನೆರವು ಕೊಡಬೇಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾಳೆ ಸಭೆಯಲ್ಲಿ ನಾನು ಒಂದೇ ಮಾತು ಕೇಳುತ್ತೇನೆ. ಬಾಗಿಲು ಇರಲಿ, ಮಟ್ಟಗೋಲೂ ಇರಲಿ. ಬಿತ್ತಿದ ನಲವತ್ತು ದಿನ ಮಾತ್ರ ತಗ್ಗಿನ ಮಾತು ಮತ್ತೆ ಬರಲಿ. ಗಂಟೆಗೆ ಮೊದಲು ಸಸಿ ನೋಡಿ ಬರಬೇಕು. ಉಳಿದದ್ದನ್ನು ಸಭೆಯಾದ ಮೇಲೆ ಬರೆಯುತ್ತೇನೆ.

ಹಿರಿಮಳೆಯ ಮೂವತ್ತಮೂರನೆಯ ದಿನ

ಸಭೆ ನಿನ್ನೆ ನಸುಕಿನಲ್ಲಿ ಆಯಿತು. ಗಿರಿಯಣ್ಣನಿಗೆ ಈಗ ಎಪ್ಪತ್ತು ದಾಟಿದೆ, ಸ್ವಲ್ಪ ಕಿವಿ ಮಂದ. ಅವನೇ ಹಿರಿಯ. ನಾನು ಎದ್ದು ನಿಂತು ಕೇಳಬೇಕಾದದ್ದನ್ನು ಕೇಳಿದೆ. ತುಳಸು ಕೇಳಿದ ಗಂಜಿಯ ಮಾತನ್ನೂ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಗಿರಿಯಣ್ಣ ಕಿವಿಗೆ ಕೈಯಿಟ್ಟು ಕೊನೆಯವರೆಗೂ ಕೇಳಿದ. ಆಮೇಲೆ, "ಮಂಕಾಳಿ, ಹಲಗೆ ಮೇಲೆ ಬರೆದು ತೋರ್ಸಿದವಳು ನೀನೇ ಅಲ್ದಾ? ನಾವೆಲ್ಲ ನಿನ್ನ ಹತ್ರವೇ ಕಲ್ತದ್ದು" ಎಂದ. ಹಂಗಿಸುವ ದನಿ ಅಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದ.

"ಹೌದು ಗಿರಿಯಣ್ಣ. ತಪ್ಪು ಕಲಿಸ್ದೆ."

"ತಪ್ಪಾದ್ರೆ ನಮ್ ಗದ್ದೆಯಲ್ಲಿ ಭತ್ತ ಹೇಗೆ ಬೆಳೀತದೆ?" ಎಂದು ಯಾರೋ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ತಿಳಿಯಬೇಕಾದರೆ ಮೊದಲು ಅವರ ಗದ್ದೆ ಮುಳುಗಬೇಕು.

ನನ್ನ ಗದ್ದೆಯ ಮೇಲಿನದು ದೇವಿಯದು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎರಡು ಹೆಣ್ಣುಮಕ್ಕಳ ತಾಯಿ. ನಾನು ಅವಳನ್ನೇ ನೋಡಿದೆ. ನಾನು ಹೋದರೆ ಮುಂದಿನವಳು ನೀನು ಎಂದು ಬಾಯಿಬಿಟ್ಟೇ ಹೇಳಿದೆ. ಅವಳು ತಲೆ ತಗ್ಗಿಸಿ, "ನಿಮ್ ಕೋಲು ಇದ್ರೆ ಸಮ ಮೇಲೆ ಹೋಗ್ತದೆ, ಬಾಗಿಲು ಬೇಗ ತೆಗೀತದೆ, ಕಾದ ತಿಂಗಳಿಗೆ ಎತ್ತರದವ್ರಿಗೆ ನೀರಿಲ್ಲ ಅಂತಾರೆ. ನಾ ಒಬ್ಳು ಎಂತ ಮಾಡ್ಲಿ ಮಂಕಾಳಕ್ಕ?" ಎಂದಳು. ನನ್ನ ಕೋಲು ಇರುವುದು ಅವಳಿಗೇ ಒಳ್ಳೆಯದು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈ ಎಲ್ಲರಿಗಿಂತ ಕೊನೆಗೆ, ಕಿವಿಯ ಎತ್ತರಕ್ಕೆ ಮಾತ್ರ ಎದ್ದಿತು.

ಹದಿಮೂರು ಕೈಗಳು. ಅದನ್ನು ಬರೆಯಬೇಕಾದವಳೂ ನಾನೇ. ಬರೆದೆ. ಪಟ್ಟಿಯಲ್ಲಿ ಇಲ್ಲದವರು ಬರಹದ ಪುಸ್ತಕ ಇಟ್ಟುಕೊಳ್ಳುವಂತಿಲ್ಲ. ಸಹಿಯ ಶಾಯಿ ಆರುವವರೆಗೆ ಕಾದು ಪುಸ್ತಕವನ್ನು ದೇವಿಯ ಕೈಗೆ ಕೊಟ್ಟು ಹೊರಗೆ ಬಂದೆ.

ಹೊರಗೆ ಒಡ್ಡಿನ ಮೇಲೆ ಬಿಟ್ಟ ಗದ್ದೆಯವರು ಸಾಲಾಗಿ ಕೂತಿದ್ದರು. ಇಳಿತ ಶುರುವಾದರೆ ಏಡಿಯ ಬುಟ್ಟಿ ಎತ್ತಲು ಅವರು ದಿನವೂ ಅಲ್ಲಿ ಕಾಯುತ್ತಾರೆ. ನಾನು ದಿನವೂ ಅವರನ್ನು ದಾಟಿ ಒಳಗೆ ಹೋಗುತ್ತಿದ್ದೆ. ಬೊಮ್ಮಿ ನನ್ನನ್ನು ನೋಡಿದಳು.

"ಬಂದ್ರಾ ದೊಡ್ಡವ್ವ? ಹದಿಮೂರು ವರ್ಷ ತಗಂಡ್ರಲ್ಲ, ಇಷ್ಟು ಹತ್ರದ ದಾರಿಗೆ" ಎಂದಳು. ಆಮೇಲೆ ಪಕ್ಕದವರಿಗೆ, "ಆ ಬದಿಗೆ ಸರೀರಾ, ಜಾಗ ಮಾಡ್ಕೊಡಿ. ಕಲ್ತವ್ರು ಬಂದಾರೆ."

ಕೂತೆ. ಎಣಿಸುವ ಚಟ ಹೋಗಿರಲಿಲ್ಲ, ಎಣಿಸಿದೆ. ನನ್ನನ್ನೂ ಸೇರಿಸಿ ಹದಿನೆಂಟು ಮನೆಯವರು. ಒಳಗೆ ಹದಿಮೂರು. ನಾವೇ ಹೆಚ್ಚು. ಯಾವಾಗ ನಾವು ಹೆಚ್ಚಾದೆವೋ ನನಗೆ ತಿಳಿಯಲೇ ಇಲ್ಲ, ಯಾಕೆಂದರೆ ನನ್ನ ಪುಸ್ತಕದಲ್ಲಿ ಪಟ್ಟಿಯಲ್ಲಿರುವವರ ಲೆಕ್ಕ ಮಾತ್ರ ಇತ್ತು. ಬೊಮ್ಮಿಗೆ ಹೇಳಿದೆ. ಅವಳು ಬುಟ್ಟಿಯ ಹಗ್ಗ ಬಿಚ್ಚುತ್ತ, "ನಮ್ಗೆ ಯಾವಾಗ್ಲೋ ಗೊತ್ತು. ಯಾರಾದ್ರೂ ಕೇಳಿದ್ರೆ ಹೇಳ್ತಿದ್ವಿ" ಎಂದಳು.

ಸಂಜೆ ಊರಿಗೆ ಆಸರೆಯ ಸುದ್ದಿ ಬಂತು. ಈ ವರ್ಷ ಕಾಂಡ್ಲಮಕ್ಕಿಯ ಸಮ ಹದಿಮೂರು ವರ್ಷಗಳಲ್ಲೇ ಉತ್ತಮವಂತೆ.

ಇವತ್ತು ನಸುಕಿನಲ್ಲಿ ಬೊಮ್ಮಿ ಕರೆಯದೆಯೇ ಬಂದಳು. ಇಬ್ಬರೂ ಮೊಣಕಾಲು ನೀರಿನಲ್ಲಿ ನಿಂತು ಬದುಕಿದ್ದ ಸಸಿಗಳನ್ನು ಕಿತ್ತೆವು. ಕೊಳೆಯಲಿಕ್ಕೆ ಬಿಡಲು ಕೈ ಬರಲಿಲ್ಲ. ಕಟ್ಟು ಕಟ್ಟಿ ದೇವಿಯ ಗದ್ದೆಯ ಅಂಚಿನಲ್ಲಿ ಇಟ್ಟೆವು. ಅವಳ ಗದ್ದೆಯಲ್ಲಿ ಈಗಾಗಲೇ ಅಲ್ಲಲ್ಲಿ ಸಸಿ ಹೋಗಿ ಬರೀ ನೀರು ಕಾಣುತ್ತಿತ್ತು. ಅವಳು ಬಂದು ಕಟ್ಟುಗಳನ್ನು ಎತ್ತಿಕೊಂಡಳು, ನಮ್ಮ ಮುಖ ನೋಡಲಿಲ್ಲ. ಹೋಗುವಾಗ ಅವಳ ಸಣ್ಣ ಮಗಳು ಕೇಳುವುದು ಕೇಳಿಸಿತು, "ಅವ್ವಾ, ಮುಂದಿನ ವರ್ಷ ನಾವು ಇದನ್ನ ಯಾರಿಗೆ ಕೊಡೂದು?"

ಹಿಂದೆ ಇರುವವರೇ, ನನ್ನ ಗದ್ದೆಯನ್ನು ನೀವು ಉಳಿಸಲಾರಿರಿ. ಅದು ನಿನ್ನೆಗೇ ಮುಗಿಯಿತು. ನನ್ನ ಕೋರಿಕೆ ಸಣ್ಣದು. ನಿಮ್ಮ ಪುಸ್ತಕದ ಮೊದಲ ಹಾಳೆಯಲ್ಲಿ ‘ಸಮಾನವಾಗಿ’ ಎಂದು ಬರೆದ ಮೇಲೆ ಲೇಖನಿ ಕೆಳಗಿಡಬೇಡಿ. ಎದ್ದು ಹೋಗಿ, ನೀವು ನೆರವಾಗಬೇಕೆಂದಿರುವ ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನ ಗದ್ದೆ ಯಾರದು ಎಂದು ಕೇಳಿ. ಅದರ ಕೆಸರಿನಲ್ಲಿ ಇಳಿದು ನಿಂತು, ಆ ಮನೆಯವರು ಏನು ಹೇಳುತ್ತಾರೆ ಕೇಳಿ. ಅವರು ನಗಿಸುವ ಹಾಗೆ ಹೇಳಿದರೂ ನಗಬೇಡಿ. ವಾಪಸು ಬಂದು ಇನ್ನೊಂದು ಸಾಲು ಸೇರಿಸಿ: ಬಾಗಿಲು ಮುಚ್ಚುವ ಮೊದಲು ಅವರನ್ನು ಕೇಳತಕ್ಕದ್ದು. ಈ ಸಾಲಿನಿಂದ ನಿಮ್ಮ ಸಂಖ್ಯೆ ಸ್ವಲ್ಪ ಕೆಡುತ್ತದೆ. ಎತ್ತರದ ಕಣದಲ್ಲಿ ಎರಡು ಹೆಡಿಗೆ ಕಡಿಮೆ ಬೀಳುತ್ತದೆ. ಬೀಳಲಿ.

ಆ ಸಾಲು ನೀವು ಬರೆದರೆ ನನಗೆ ಹೇಗೆ ತಿಳಿಯುತ್ತದೆ? ಬಹುಶಃ ಈ ಕಾಗದ ನನ್ನ ಪೆಟ್ಟಿಗೆಯಿಂದ ಮಾಯವಾಗುತ್ತದೆ, ಬರೆಯಲು ಕಾರಣವೇ ಇರುವುದಿಲ್ಲ. ಎಪ್ಪತ್ತಾರನೆಯ ವರ್ಷದ ಯಾವುದೋ ಬೆಳಿಗ್ಗೆ ನಾನು ಒಡ್ಡಿನ ಮೇಲೆ ಹೋಗುತ್ತಿರುತ್ತೇನೆ, ಐವತ್ತೈದು ವರ್ಷದ ತುಳಸು ತಗ್ಗಿನ ಗದ್ದೆಯಲ್ಲಿ ಬಗ್ಗಿರುತ್ತಾಳೆ, ನಾವು ನೀರಿನ ವಿಷಯಕ್ಕೆ ಜಗಳವಾಡುತ್ತೇವೆ. ಪ್ರತಿ ದಿನ ಎದ್ದ ಕೂಡಲೇ ಪೆಟ್ಟಿಗೆ ತೆಗೆದು ನೋಡುತ್ತೇನೆ.

ಮಂಕಾಳಿ
ಬಿಟ್ಟ ಗದ್ದೆಯವಳು